ಎತ್ತಿನ ಕುಕ್ಕೆ ಕಟ್ಟಿಕೊಂಡ ನನ್ನ ತಮ್ಮ

ನನ್ನ ತಮ್ಮನಿಗೆ ಬುದ್ಧಿಯಿಲ್ಲ ಎಂದವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಬುದ್ಧಿ ಇದೆ, ಬೇಕಾದ ಹೊತ್ತಿಗೆ ಮಾತ್ರ ಎಲ್ಲೋ ಮೇಯಲು ಹೋಗಿರುತ್ತದೆ!

ನನ್ನ ಮೊಮ್ಮಗಳ ದವಡೆ ಹಲ್ಲು ಹುಳುಕಾಗಿ ಕೆನ್ನೆ ಪೂರಿಯಂತೆ ಉಬ್ಬಿತು. ರೊಟ್ಟಿ ಬೇಡ, ಹಾಲಲ್ಲಿ ನೆನೆಸಿದ್ದೂ ಬೇಡ, ಅಳುವುದೊಂದು ಬೇಕು. ಮಾನ್ವಿಯಿಂದ ದೇವದುರ್ಗದ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆವು. ಸೂಜಿ ಕಂಡದ್ದೇ ತಡ, ಒದೆಯತೊಡಗಿದಳು. ಕೈಗೊಬ್ಬರು ಕಾಲಿಗೊಬ್ಬರು ಹಿಡಿದೆವು. ಡಾಕ್ಟರ ಬೆರಳು ಕಚ್ಚಿಯೇಬಿಟ್ಟಳು! ಅವರು ಕೈ ಕೊಡವುತ್ತಿದ್ದರೆ ನನ್ನ ತಮ್ಮ ಏನೆನ್ನಬೇಕು?

"ಚುಚ್ಚಾಕ ಬಂದವರಿಗೆ ಮುತ್ತು ಕೊಡ್ತಾಳೇನ್ರೀ?"

ಹಲ್ಲು ಬಾಯಲ್ಲೇ ಉಳಿಯಿತು, ನಾವು ಹೊರಗೆ ಬಂದೆವು. ಅಂದಿನಿಂದ ಬಿಳಿ ಅಂಗಿ ಕಂಡರೆ ಸಾಕು, ಹಾಲು ಹಾಕುವವನೇ ಆಗಲಿ, ಹುಡುಗಿ ಬಾಯಿ ಬಿಗಿಯುವಳು.

ಆಮೇಲೆ ರಾಯಚೂರಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ಬೇರೆ ಥರ. "ಬಾವು ಇಳಿಯಾಕ ಔಷಧ ಕೊಟ್ಟೀನಿ. ಮುಂದಿನ ವಾರ ಬರ್ರಿ. ಮಾಸ್ಕ್ ಇಟ್ಟು ಗಾಳಿ ಕೊಡ್ತೀವಿ. ಎಚ್ಚರ ಇರ್ತಾಳ, ಆದ್ರ ಅಂಜಿಕಿ ಇರಂಗಿಲ್ಲ, ಸೂಜಿ ನೋವೂ ಅಷ್ಟು ತಿಳಿಯಂಗಿಲ್ಲ" ಎಂದರು.

ಮಾಸ್ಕ್ ಇಡಲು ಹುಡುಗಿ ಒಪ್ಪಬೇಕಲ್ಲ? ಇಲ್ಲವಾದರೆ ಮತ್ತೆ ಹಿಡಿಯಬೇಕು.

"ಅದನ್ನ ನನಗ ಬಿಡು ಯಕ್ಕಾ" ಎಂದ ತಮ್ಮ.

ಮರುದಿನ ನೋಡುತ್ತೇನೆ, ಕಟ್ಟೆಯ ಮೇಲೆ ಕೂತಿದ್ದಾನೆ, ಮುಖಕ್ಕೆ ಎತ್ತಿನ ಕುಕ್ಕೆ! ಹೊಲದಲ್ಲಿ ಎತ್ತು ಬೆಳೆಗೆ ಬಾಯಿ ಹಾಕದಿರಲೆಂದು ಕಟ್ಟುವ ಹಗ್ಗದ ಜಾಳಿಗೆ. ಪಕ್ಕದಲ್ಲಿ ಮೊಮ್ಮಗಳು, ಅವಳ ಮುಖಕ್ಕೆ ಕರುವಿನದು. ಇಬ್ಬರೂ ಬುಸ್ ಬುಸ್ ಎಂದು ಉಸಿರೆಳೆಯುತ್ತಿದ್ದಾರೆ.

"ಏನಲೇ ಇದು?"

"ಪ್ರಾಕ್ಟೀಸ್ ಮಾಡಾಕತ್ತೀವಿ. ನಿನಗೂ ಒಂದು ಕಟ್ಟಿದ್ರ ಓಣಿ ಮಂದಿ ಆರಾಮ ಇರ್ತಾರ."

ವಾರವಿಡೀ ಇದೇ ಆಟ. ಅತ್ತ ಕುಕ್ಕೆಯಿಲ್ಲದ ಎತ್ತುಗಳು ಪಕ್ಕದ ಹೊಲದ ತೊಗರಿ ಮೇದವು. ಬೈಯಲು ಬಂದ ಹೊಲದವನು ನನ್ನ ತಮ್ಮನ ಮುಖ ನೋಡಿ ಬೈಗುಳವನ್ನೇ ಮರೆತು ಹೋದ.

ರಾಯಚೂರಿನಲ್ಲಿ ತಮ್ಮ ಜಂಬದಿಂದ ಚೀಲದೊಳಗಿನ ಕುಕ್ಕೆ ತೆಗೆದು ತೋರಿಸಿದ. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

"ಯಜಮಾನ್ರ, ಮಾಸ್ಕ್ ಮೂಗಿಗಷ್ಟೇರೀ. ಬಾಯಿಗೂ ಕಟ್ಟಿದ್ರ ನಾನು ಹಲ್ಲು ಎಲ್ಲಿಂದ ಕೀಳಲಿ?"

ಆದರೆ ಹುಡುಗಿ ತಾನೇ ಕೈಚಾಚಿ ಮಾಸ್ಕ್ ತೆಗೆದುಕೊಂಡು ಮೂಗಿಗೆ ಇಟ್ಟುಕೊಂಡಳು. ಬುಸ್ ಬುಸ್. ಸ್ವಲ್ಪ ಹೊತ್ತಿಗೆ ಬಿಗಿದ ಮುಷ್ಟಿ ಸಡಿಲಾಯಿತು. ತುಟಿಯಲ್ಲಿ ಸಣ್ಣ ನಗು. ಬಾಯಿ ತೆರೆದಳು. ಸೂಜಿ ಹೋಯಿತು, ಹುಬ್ಬು ಕೂಡ ಅಲುಗಲಿಲ್ಲ. ಹಲ್ಲೂ ಬಂತು.

"ಮುಗೀತು ನೋಡಲೇ" ಎಂದು ತಿರುಗಿದೆ. ತಮ್ಮ ಕುರ್ಚಿಯ ಬುಡದಲ್ಲಿ ನೆಲಕ್ಕೆ ಕೂತಿದ್ದ. ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದ. ಗಡ್ಡ ತೊಯ್ದಿತ್ತು.

ಹುಡುಗಿ ಹತ್ತಿ ಕಚ್ಚಿದ ಬಾಯಲ್ಲೇ ತೊದಲಿದಳು: "ತಾತಾ, ಈ ಸಲ ನನ್ನ ಯಾರೂ ಹಿಡೀಲಿಲ್ಲ. ನೀ ಯಾಕ ಹಿಡದೀದಿ? ಬಿಡು."

ಅವನು ಬಿಡಲಿಲ್ಲ. ನಾನು ಸೆರಗಿನಿಂದ ಅವನ ಗಡ್ಡ ಒರೆಸಿದೆ.