ಹವಾ ಬದಲಿಗೆ ಹೈದರಾಬಾದು

ಚಿಂತೆ ಮಾಡುವುದಕ್ಕೂ ಅಭ್ಯಾಸ ಬೇಕು. ಕಷ್ಟ ಬಂದಾಗ ಯಾರು ಬೇಕಾದರೂ ಚಿಂತೆ ಮಾಡಿಯಾರು, ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ನಮ್ಮ ಕಡೆಯ ಹೆಂಗಸರು ವರ್ಷಕ್ಕೆ ಬೇಕಾಗುವ ಹಪ್ಪಳ ಸಂಡಿಗೆಯನ್ನು ಬೇಸಿಗೆಯಲ್ಲೇ ಮಾಡಿ ಡಬ್ಬಿಗೆ ತುಂಬಿಡುವ ಹಾಗೆ, ನಾನು ಬರಬಹುದಾದ ಕಷ್ಟಗಳ ಚಿಂತೆಯನ್ನೆಲ್ಲ ಮುಂಗಡವಾಗಿ ಮಾಡಿ ಮುಗಿಸಿಟ್ಟುಕೊಂಡಿರುತ್ತೇನೆ. ಮನೆಗೆ ಬೀಗ ಹಾಕಿ ಓಣಿಯ ತಿರುವಿನ ತನಕ ಹೋದವನು ಹಿಂದಿರುಗಿ ಬಂದು ಬೀಗವನ್ನು ಜಗ್ಗಿ ನೋಡುತ್ತೇನೆ. ಜಗ್ಗಿದ್ದರಿಂದಲೇ ಅದು ಸಡಿಲವಾಗಿರಬಹುದೇ ಎಂದು ಅನುಮಾನ ಬಂದು ಮತ್ತೊಮ್ಮೆ ಹಿಂದಿರುಗುತ್ತೇನೆ. ಇಂಥವನನ್ನು ಕಟ್ಟಿಕೊಂಡು ಅರ್ಧ ಆಯುಷ್ಯ ಸಂಸಾರ ಮಾಡಿದ ನನ್ನ ಹೆಂಡತಿ ಸುಮಿತ್ರಾ, ಒಂದು ವರ್ಷ ಯುಗಾದಿಯ ಮರುದಿನ ಬೇವಿನ ಗಡಿಗೆ ತೊಳೆಯುತ್ತ, "ನಾವಿಬ್ಬರ ಎಲ್ಲೆರ ಎರಡು ದಿನ ಹೋಗಿ ಬರೂಣಲ್ರಿ?" ಎಂದಳು.

"ಯಾರ ಮದುವಿ?" ಎಂದೆ ನಾನು.

ಹಾಗೆ ಕೇಳಿದ್ದರಲ್ಲಿ ನನ್ನ ತಪ್ಪೇನೂ ಇಲ್ಲ. ನಾವು ರಾಯಚೂರು ಬಿಟ್ಟು ಹೊರಗೆ ಹೋಗಿದ್ದೆಲ್ಲ ಯಾರದೋ ಮದುವೆಗೆ, ಯಾರದೋ ಕೂಸಿನ ತೊಟ್ಟಿಲಿಗೆ, ಇಲ್ಲದಿದ್ದರೆ ಯಾರನ್ನೋ ಮಣ್ಣು ಮಾಡುವುದಕ್ಕೆ. ಸುಮ್ಮನೆ ಹೋಗುವುದೆಂದರೆ ಏನೆಂದು ನಮಗೆ ತಿಳಿದಿರಲಿಲ್ಲ.

"ಯಾರ ಮದುವಿನೂ ಅಲ್ಲ. ನಮ್ಮದ ಆಗೇತಲ್ಲ, ಅದರ ಸಲುವಾಗಿ" ಎಂದಳು. ಮಗಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ನನ್ನ ಹೈಸ್ಕೂಲಿಗೆ ಬೇಸಿಗೆಯ ರಜೆ ಹತ್ತಿರ ಬಂದಿತ್ತು. ನೆಪ ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಎಲ್ಲಿಗೆ ಎಂದು ಕೇಳಿದೆ. ಹೈದರಾಬಾದಿಗೆ ಎಂದಳು. ಜನ ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಗುಡ್ಡ ಹತ್ತುತ್ತಾರೆ. ನಾವು ಒಲೆಯ ಮೇಲಿಂದ ಇಳಿದು ತಂದೂರಿನೊಳಗೆ ಹೋಗುವುದೇ ಎಂದು ನಗಾಡಿದೆ. ಅವಳು ನಗಲಿಲ್ಲ. ಕೈಯೊರೆಸಿಕೊಂಡು ಬಂದು ಎದುರಿಗೆ ಕೂತಳು.

"ನೋಡ್ರಿ, ನನಗ ಒಂದು ಹೋಟೆಲಿನ ಖೋಲಿ ಬೇಕು. ಎ.ಸಿ. ಇರಬೇಕು. ಮುಂಜಾನೆ ಎದ್ದ ಕೂಡ್ಲೆ ಯಾರೂ ನನಗ ಚಹಾ ಕೇಳಬಾರದು. ನನಗ ಯಾರೆರ ಚಹಾ ತಂದು ಕೊಡಬೇಕು. ಕುಡದ ಕಪ್ಪು ನಾ ತೊಳೀಬಾರದು. ಇಷ್ಟ. ಗೋಲ್ಕೊಂಡಾ ನೋಡದಿದ್ರೂ ನಡೀತೈತಿ."

ಇಷ್ಟು ಸಣ್ಣ ಆಸೆಯನ್ನು ಇಷ್ಟು ವರ್ಷ ಅವಳು ಎಲ್ಲಿ ಮಡಿಚಿಟ್ಟಿದ್ದಳೋ! ನನಗೆ ಗಂಟಲು ಕಟ್ಟಿದಂತಾಯಿತು. ಗಂಟಲು ಕಟ್ಟಿದ್ದು ಪ್ರೀತಿಯಿಂದಲೋ ಥಂಡಿಯಿಂದಲೋ ಎಂದು ಸ್ವಲ್ಪ ಹೊತ್ತು ಚಿಂತಿಸಿ, ಆಯಿತು ಎಂದೆ.

ಅವು ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹತ್ತಿದ ವರ್ಷಗಳು. ಮಾಧಾಪುರದ ಕಡೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಆ ಗಾಜಿನ ಹುಡುಗರಿಗಾಗಿ ಹೊಸ ಹೊಸ ಹೋಟೆಲುಗಳೂ ಎದ್ದಿದ್ದವು. ನಮ್ಮ ಶಾಲೆಯ ಎದುರಿಗಿದ್ದ ಸೈಬರ್ ಸೆಂಟರಿನವನು, "ಸರ್, ಇಂಟರ್ನೆಟ್ಟಿನಾಗ ರೂಮ್ ಹಿಡೀಬಹುದು" ಎಂದು, ಪರದೆಯ ಮೇಲೆ ಒಂದು ಖೋಲಿಯನ್ನು ತೋರಿಸಿಯೇಬಿಟ್ಟ. ಬಿಳಿ ಹಾಸಿಗೆ, ಬಿಳಿ ದಿಂಬು, ದಿಂಬಿನ ಮೇಲೊಂದು ಹೂವು. ಖೋಲಿಯೇನೋ ಚೆನ್ನಾಗಿತ್ತು. ಆದರೆ ಅದು ನಿಜವಾಗಿ ಹೈದರಾಬಾದಿನಲ್ಲಿದೆಯೋ, ಬರೀ ಇವನ ಡಬ್ಬಿಯಲ್ಲಿದೆಯೋ? ಕರೆಂಟು ಹೋದರೆ ಖೋಲಿಯೂ ಹೋಗುತ್ತದೆಯೇ? ಕೊನೆಗೆ ಎಸ್‌ಟಿಡಿ ಬೂತಿಗೆ ಹೋಗಿ ಆ ಹೋಟೆಲಿಗೆ ಫೋನು ಮಾಡಿ, ಖೋಲಿ ಇರುವುದನ್ನು ಖಾತ್ರಿ ಮಾಡಿಕೊಂಡೆ. ಮರುದಿನ ಮತ್ತೊಮ್ಮೆ ಮಾಡಿದೆ. ಮೂರನೆಯ ಸಲ ಫೋನೆತ್ತಿದ ಅಲ್ಲಿನ ಹುಡುಗಿಯೇ, "ಸಾರ್, ರೂಮು ಎಲ್ಲೂ ಹೋಗಿಲ್ಲ" ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದಳು.

ಖೋಲಿಯ ಚಿಂತೆ ಮುಗಿಯಿತೆನ್ನುವಾಗ ಅದಕ್ಕಿಂತ ದೊಡ್ಡದು ಶುರುವಾಯಿತು. ಹೈದರಾಬಾದಿನ ನಕಾಶೆ ಬೇರೆಯವರಿಗೆ ಚಾರ್‌ಮಿನಾರು, ಹುಸೇನ್ ಸಾಗರ ಎಂದು ಕಾಣಬಹುದು. ನಮಗೆ ಅದು ಬೀಗರು ಬಿಜ್ಜರ ನಕಾಶೆ. ಬೇಗಂ ಬಜಾರಿನಲ್ಲಿ ನಮ್ಮ ಕಾಕಾನ ಬೇಳೆ ಅಂಗಡಿ. ಉಪ್ಪಲ್ಲಿನಲ್ಲಿ ಸುಮಿತ್ರಾಳ ಸೋದರಮಾವನ ಮನೆ. ಎಲ್ಲಕ್ಕಿಂತ ಮಿಗಿಲಾಗಿ, ಸನತ್‌ನಗರದಲ್ಲಿ ನನ್ನ ಸ್ವಂತ ಅಕ್ಕ ಕಮಲಕ್ಕ. ಊರಲ್ಲಿ ನಮ್ಮವರ ಮನೆಯಿದ್ದೂ ಹೋಟೆಲಿನಲ್ಲಿ ಇಳಿದುಕೊಳ್ಳುವುದೆಂದರೆ, ಆ ಮನೆಯವರು ನಮ್ಮ ಪಾಲಿಗೆ ತೀರಿಹೋದರು ಎಂದು ಡಂಗುರ ಸಾರಿದ ಹಾಗೆ. ಹಾಗೆ ಮಾಡಿದವರ ಮನೆಯ ಮದುವೆಗೆ ಜನ ಬರುತ್ತಾರೆ, ಆದರೆ ಉಣ್ಣದೆ ಹೋಗುತ್ತಾರೆ. ಆದ್ದರಿಂದ ನಾವು ಯಾರಿಗೂ ಹೇಳದೆ ಹೋಗುವುದೆಂದು ತೀರ್ಮಾನವಾಯಿತು. ಆ ಹೋಟೆಲನ್ನು ಆರಿಸಿದ್ದೂ ಮಾಧಾಪುರದಲ್ಲಿ ನಮ್ಮವರು ಒಬ್ಬರೂ ಇಲ್ಲವೆಂದೇ. ಮದುವೆಯಾದ ಗಂಡ ಹೆಂಡತಿ ಓಡಿಹೋಗುವ ಪ್ರೇಮಿಗಳ ಹಾಗೆ ಪಿಸುಮಾತಿನಲ್ಲಿ ಚೀಲ ತುಂಬಿಕೊಂಡೆವು. ನಿಜ ಹೇಳುವುದಾದರೆ ನನಗೆ ಅದು ಬಹಳ ಹಿಡಿಸಿತು. ಯಾರಿಗೂ ಹೇಳದೆ ಹೊಸದೊಂದು ಅಂಗಿಯನ್ನೂ ಹೊಲಿಸಿಕೊಂಡೆ.

ಕೆಡಿಸಿದ್ದು ಹಾಲಿನವನು. ಎರಡು ದಿನ ಹಾಲು ಬೇಡವೆಂದು ಅವನಿಗೆ ಹೇಳುತ್ತಿರುವಾಗ ಎದುರು ಮನೆಯ ಕಾಶಮ್ಮ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. "ಎಲ್ಲಿಗೆ ಹೊಂಟೀರಿ ಮಾಸ್ತರ?" ಎಂದರು. ನಾನು ಬಳ್ಳಾರಿ ಎಂದೆ. ಅದೇ ದಿನ ನಳದ ಹತ್ತಿರ ಅವರು ಸುಮಿತ್ರಾಳನ್ನು ಕೇಳಿದಾಗ ಅವಳು ಸೊಲ್ಲಾಪುರ ಎಂದಳು. ಇಬ್ಬರೂ ಕೂತು ಒಂದು ಸುಳ್ಳನ್ನು ಮೊದಲೇ ಹೊಂದಿಸಿಟ್ಟುಕೊಳ್ಳಬೇಕಿತ್ತು. ಮುಂಗಡ ಚಿಂತೆಯಲ್ಲಿ ಪಳಗಿದ ನನಗೇ ಅದು ಹೊಳೆಯಲಿಲ್ಲ.

ಇಲ್ಲಿ ನಮ್ಮ ಊರಿನ ಒಂದು ರಿವಾಜನ್ನು ಹೇಳಬೇಕು. ರಾಯಚೂರಿನವರು ಹೈದರಾಬಾದಿಗೆ ಹೋಗುವುದು ಮದುವೆಯ ಜವಳಿಗೆ, ಇಲ್ಲವೇ ಬೇಗಂ ಬಜಾರಿನ ಸಗಟು ಸಾಮಾನಿಗೆ, ಇಲ್ಲವೇ ದೊಡ್ಡ ದವಾಖಾನೆಗೆ. ಮೊದಲಿನ ಎರಡನ್ನು ಓಣಿಗೆಲ್ಲ ಕೇಳಿಸುವ ಹಾಗೆ ಹೇಳಿ ಹೋಗುತ್ತಾರೆ. ದವಾಖಾನೆಗೆ ಮಾತ್ರ ಯಾರಿಗೂ ಹೇಳುವುದಿಲ್ಲ. ಬೇರೆ ಊರಿನ ಹೆಸರು ಹೇಳುತ್ತಾರೆ. ಹೀಗಾಗಿ ಗಂಡ ಒಂದು ಊರು, ಹೆಂಡತಿ ಒಂದು ಊರು ಹೇಳಿದರೆಂದರೆ ಕಾಶಮ್ಮನಂಥ ಅನುಭವಸ್ಥರಿಗೆ ಮುಂದಿನದು ಹೇಳಬೇಕಾಗಿಯೇ ಇಲ್ಲ.

ಹೊರಡುವ ಹಿಂದಿನ ಸಂಜೆ ಅವರು ವಿಭೂತಿ, ನಿಂಬೆಹಣ್ಣು, ಒಂದು ಡಬ್ಬಿ ಗಂಜಿಹಿಟ್ಟು ಹಿಡಿದುಕೊಂಡು ಬಂದರು. ವಿಭೂತಿಯನ್ನು ತಾವೇ ನನ್ನ ಹಣೆಗೆ ಹಚ್ಚಿದರು. "ಧೈರ್ಯದಿಂದ ಇರ್ರಿ ಮಾಸ್ತರ. ನನ್ನ ತಮ್ಮಗೂ ಹಿಂಗ ಆಗಿತ್ತು. ಈಗ ಕಲ್ಲಿನಂಗ ಅದಾನ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿಬಿಟ್ಟರು.

'ಹಿಂಗ' ಅಂದರೆ ಹೇಗೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಶಾದ್‌ನಗರ ದಾಟುವಷ್ಟರಲ್ಲಿ ನನಗೆ ಎಡಗಡೆ ಎದೆಯಲ್ಲಿ ಏನೋ ಹಿಡಿದಂತಾಗತೊಡಗಿತು. "ಏ ಸುಮಿತ್ರಾ, ನನ್ನ ಮುಖದಾಗ ಏನರ ಕಾಣತೈತೇನು?" ಎಂದೆ. ಅವಳು ಕಿಟಕಿಯಿಂದ ಕಣ್ಣು ತೆಗೆಯದೆ, "ನಿಮ್ಮ ಮುಖ ಯಾವಾಗೂ ಹಂಗ ಇರತೈತಿ. ಕಾಶಮ್ಮ ನಿನ್ನೆ ಸರಿಯಾಗಿ ನೋಡ್ಯಾಳ" ಎಂದಳು. ಅವಳು ಆಗಲೇ ಬಿಳಿ ದಿಂಬಿನ ಮೇಲೆ ತಲೆಯಿಟ್ಟಂತಿದ್ದಳು.

ಹೈದರಾಬಾದಿನ ಇಮ್ಲಿಬನ್ ನಿಲ್ದಾಣದಲ್ಲಿ ಬಸ್ಸು ನಿಂತಿತು. ಮೆಟ್ಟಿಲ ಮೇಲೆ ಕಾಲಿಡುವುದರೊಳಗೆ ಯಾರೋ ನನ್ನ ರಟ್ಟೆ ಹಿಡಿದರು. ಕಿಸೆಗಳ್ಳನೆಂದುಕೊಂಡು ಕೈ ಕೊಸರಿದೆ. ನೋಡಿದರೆ ಮಾವ. ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎನ್ನುತ್ತೇವೆ. ಸನತ್‌ನಗರದ ಕಾರ್ಖಾನೆಯಲ್ಲಿ ಫೋರಮನ್; ಅವತ್ತು ರಜೆ ಹಾಕಿ ಬಂದಿದ್ದರು. ಅವರ ಹಿಂದೆ, ಒಂದು ಕೈಯಲ್ಲಿ ಥರ್ಮಾಸು, ಇನ್ನೊಂದರಲ್ಲಿ ಹೊದಿಕೆ ಹಿಡಿದುಕೊಂಡು, ಕಮಲಕ್ಕ.

"ಸಾವಕಾಶ ಇಳಿ, ಸಾವಕಾಶ" ಎಂದರು ಮಾವ.

"ತಮ್ಮಾ! ಇಷ್ಟು ಸೊರಗಿದೆಲ್ಲೋ!" ಎಂದಳು ಅಕ್ಕ. ಹೊಸ ಅಂಗಿಗೆ ಅಳತೆ ಕೊಡುವಾಗ ದರ್ಜಿ, ಹೊಟ್ಟೆಯ ಹತ್ತಿರ ಬಟ್ಟೆ ಹೆಚ್ಚು ಬೇಕಾಗುತ್ತದೆ ಎಂದಿದ್ದ. "ಅಕ್ಕಗ ಒಂದ ಮಾತು ಹೇಳಬಾರದಾ? ಕಾಶಮ್ಮ ನಿನ್ನೆ ಸುದ್ದಿ ಮುಟ್ಟಿಸಿ, ಇವತ್ತ ಬಸ್‌ಸ್ಟ್ಯಾಂಡಿನ ತನಕ ನಿಮ್ಮ ಹಿಂದ ಬಂದು ನೋಡಿ, ಫೋನ್ ಮಾಡಿ ಯಾವ ಬಸ್ಸು ಅಂತ ಹೇಳಲಿಲ್ಲಂದ್ರ ನಮಗ ಗೊತ್ತ ಆಗತಿರಲಿಲ್ಲ. ಏನಾಗೇತಿ? ಎದಿನೋ, ಕಿಡ್ನಿನೋ?"

ಆಗ ನನಗೆ ಬಂದ ಯೋಚನೆಯನ್ನು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ. ಹೌದು ಎಂದುಬಿಡಲೇ ಎನಿಸಿತು. ರೋಗಿಗೆ ನಮ್ಮಲ್ಲಿ ಮರ್ಯಾದೆಯುಂಟು; ಹೆಂಡತಿಯ ಜೊತೆ ಹವಾ ತಿನ್ನಲು ಬಂದವನಿಗೆ ಇಲ್ಲ. ನನ್ನ ಕೈ ತಾನಾಗಿಯೇ ಎದೆಯ ಕಡೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಸುಮಿತ್ರಾ ಚೀಲವನ್ನು ನೆಲಕ್ಕಿಟ್ಟಳು.

"ಅಕ್ಕಾರ, ಇವರಿಗೆ ಏನೂ ಆಗಿಲ್ರಿ. ನಾವು ಹೋಟೆಲಿನಾಗ ಎರಡು ದಿನ ಇರಾಕ ಬಂದೀವಿ."

"ಹೋಟೆಲಿನಾಗ?" ಎಂದಳು ಅಕ್ಕ. "ನಾ ಇದ್ದಾಗ?"

ಅವಳ ದನಿ ಸಣ್ಣದಾಯಿತು. ನಾನು ನಿಲ್ದಾಣದ ಛಾವಣಿಯನ್ನು ನೋಡುತ್ತ ನಿಂತೆ. ಸುಮಿತ್ರಾ ಅಕ್ಕನ ಕೈಯಲ್ಲಿದ್ದ ಹೊದಿಕೆಯನ್ನು ತೆಗೆದುಕೊಂಡಳು. "ಅಕ್ಕಾರ, ನಿಮ್ಮನಿಗೆ ಬಂದ್ರ ಈ ಬಿಸಲಾಗ ನೀವು ರೊಟ್ಟಿ ಬಡೀತೀರಿ. ನೀವು ಬಡಿಯಾಕತ್ರ ನಾ ಕುಂದ್ರಾಕ ಆಗತೈತೇನ್ರಿ? ನಾನೂ ಬಡೀತೀನಿ. ನನಗ ಎರಡ ದಿನ ರೊಟ್ಟಿ ಬಡಿಯೋ ಸಪ್ಪಳ ಕೇಳೂದು ಬ್ಯಾಡಾಗೇತ್ರಿ. ಸಿಟ್ಟಾಗಬ್ಯಾಡ್ರಿ."

ಅಕ್ಕ ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಕೂತಳು. ಥರ್ಮಾಸನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ಖರೇನ ಏನೂ ಆಗಿಲ್ಲೇನೋ?" ಎಂದಳು. ಇಲ್ಲವೆಂದೆ. "ಶಿವನ" ಎಂದು ಉಸಿರುಬಿಟ್ಟಳು. "ಸಂಕ್ರಾಂತಿ ಆದಾಗಿಂದ ನಮ್ಮನ್ಯಾಗ ಪೇಶಂಟ್ ಮ್ಯಾಲ ಪೇಶಂಟು. ಊರಾಗ ಯಾರಿಗೆ ಏನಾದ್ರೂ ದವಾಖಾನಿ ಹೈದರಾಬಾದಿಂದು, ಗಂಜಿ ನಂದು. ನಿನ್ನಿನ ಒಬ್ಬರು ಊರಿಗೆ ಹೋದ್ರು. ನೀ ಬರ್ತೀ ಅಂತ ಅದ ಹಾಸಿಗಿ ಝಾಡಿಸಿ ಹಾಕಿ ಬಂದೀನಿ." ಸುಮಿತ್ರಾಳ ಕಡೆ ತಿರುಗಿ, "ಎ.ಸಿ. ಭಾಳ ತಂಪ ಇರತೈತೇನ?" ಎಂದಳು.

ಸುಮಿತ್ರಾ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡುವುದರೊಳಗೆ, "ನೀವೂ ಬರ್ರಲ್ಲ ಅಕ್ಕಾರ" ಎಂದುಬಿಟ್ಟಳು.

ನಾಲ್ವರೂ ಒಂದೇ ಆಟೋದಲ್ಲಿ ಒತ್ತಿಕೊಂಡು ಹೋಟೆಲಿಗೆ ಹೋದೆವು. ಖೋಲಿ ನಿಜವಾಗಿಯೂ ಇತ್ತು. ಬಿಳಿ ದಿಂಬೂ ಇತ್ತು, ಹೂವೂ ಇತ್ತು. ಆದರೆ ಒಂದು ಖೋಲಿಗೆ ಇಬ್ಬರೇ ಎಂದು ಫೋನಿನಲ್ಲಿ ಮಾತಾಡಿದ್ದ ಹುಡುಗಿ ಹೇಳಿದಳು. ಯಾವ ಇಬ್ಬರು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಕ್ಕ ಒಂದು ಗಳಿಗೆ ಕೂತು, ತಂಪು ಮಾಡಿಕೊಂಡು, ಚಹಾ ಕುಡಿದು ಹೋಗುತ್ತಾಳೆಂದುಕೊಂಡಿದ್ದೆ. ಖೋಲಿಯೊಳಗೆ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು, ಅಂಗೈಯಿಂದ ಚಾದರವನ್ನು ಸವರಿ ಸವರಿ ನೋಡುತ್ತಿದ್ದಳು. ಅದನ್ನು ಕಂಡ ಸುಮಿತ್ರಾ ನನ್ನ ಬಟ್ಟೆಯ ಚೀಲವನ್ನು ಬೇರೆ ಮಾಡಿ ನನ್ನ ಕೈಗೆ ಕೊಟ್ಟಳು. "ನೀವು ಮಾವಾರ ಕೂಡ ಸನತ್‌ನಗರಕ್ಕ ಹೋಗ್ರಿ" ಎಂದವಳು, ನನ್ನ ಮುಖ ನೋಡಿ ಮೆಲ್ಲಗೆ, "ಅಂಗಿ ಹೊಲಿಸಿದ್ದು ಗೊತ್ತೈತಿ ನನಗ. ಭಾಳ ಚಂದ ಐತಿ. ನಾಳೆ ಹಾಕ್ಕೋರಿ" ಎಂದಳು.

ಮರುದಿನ ಹೊಸ ಅಂಗಿ ಹಾಕಿಕೊಂಡೆ. ಎಲ್ಲಿಗೆ ಎನ್ನುತ್ತೀರಿ? ದವಾಖಾನೆಗೆ. ಮಾವ ನನ್ನ ಹೆಸರಿನಲ್ಲಿ ದೊಡ್ಡ ಡಾಕ್ಟರರ ಚೀಟಿ ಮಾಡಿಸಿಟ್ಟಿದ್ದರು. ರೋಗವಿಲ್ಲ ಎಂದರೆ ಅವರು ಕೇಳಲಿಲ್ಲ. "ಎಷ್ಟ ಮಂದಿ ಕೈಕಾಲು ಹಿಡಿದು ಚೀಟಿ ಮಾಡಿಸೀನಿ ಗೊತ್ತೇನು? ಅವ್ರ ಮುಂದ ನನ್ನ ಇಜ್ಜತ್ ಏನಾಗಬೇಕು? ತೋರಿಸಿಬಿಡು. ಏನರ ಒಂದು ಇದ್ದ ಇರತೈತಿ" ಎಂದು ಹುರಿದುಂಬಿಸಿದರು. ಅಲ್ಲಿನ ವಾಚ್‌ಮನ್‌ನಿಂದ ಹಿಡಿದು ಎಲ್ಲರೂ ಮಾವನಿಗೆ ಸಲಾಂ ಹೊಡೆಯುವವರೇ. ನನ್ನ ಎದೆಗೆ ವಯರು ಹಚ್ಚಿದರು, ರಕ್ತ ತೆಗೆದರು. ಕಾಯಿಸಿ ಕಾಯಿಸಿ ಒಳಗೆ ಕರೆದರು.

"ಕ್ಯಾ ತಕ್ಲೀಫ್ ಹೈ?" ಏನು ತೊಂದರೆ ಎಂದು ಡಾಕ್ಟರು ಕೇಳಿದರು. ಇಂಥ ಪ್ರಶ್ನೆಯನ್ನು ಇಂಥ ದೊಡ್ಡ ಡಾಕ್ಟರು ಕೇಳಬೇಕೆಂದು ಆಯುಷ್ಯವಿಡೀ ಕಾದವನು ನಾನು. ಈಗ ನೋಡಿದರೆ ಹೇಳುವುದಕ್ಕೆ ಒಂದೂ ನೆನಪಾಗಲಿಲ್ಲ. ಮಾವನೇ ಮುಂದೆ ಬಾಗಿ, "ಸಾಬ್, ಯೇ ಖಾಲಿ ಸೋಚ್ತೇಚ್ ರಹತೇ" ಎಂದರು. ಇವನು ಬರೀ ಯೋಚಿಸುತ್ತಲೇ ಇರುತ್ತಾನೆ ಎಂದು. ಡಾಕ್ಟರು ಕಾಗದಗಳನ್ನು ತಿರುವಿ ಹಾಕಿ ನಕ್ಕರು. ಏನೂ ಇಲ್ಲ, ಔಷಧ ಬೇಡ. ಹೆಂಡತಿಯನ್ನು ಕರೆದುಕೊಂಡು ಎರಡು ದಿನ ಎಲ್ಲಾದರೂ ಹೋಗಿ ಬಾ, ಮನಸ್ಸಿಗೆ ಹವಾ ಬದಲಾಗಲಿ ಎಂದರು.

ಮಾವನಿಗೆ ಡಾಕ್ಟರ ಮಾತೆಂದರೆ ಮಾತು. ಸಂಜೆ ನನ್ನನ್ನು ಸೀದಾ ಹೋಟೆಲಿಗೇ ಕರೆದೊಯ್ದು, ಕೆಳಗಿನ ಸೋಫಾದ ಮೇಲೆ ಕೂರಿಸಿ ಮೇಲಕ್ಕೆ ಫೋನು ಮಾಡಿಸಿದರು. ಅತ್ತಿಗೆ ನಾದಿನಿಯರು ಇಳಿದು ಬಂದರು. ಇಬ್ಬರೂ ತಲೆಗೆ ಎರೆದುಕೊಂಡು ಹೆರಳು ಇಳಿಬಿಟ್ಟಿದ್ದರು. ಅಕ್ಕ ಹತ್ತು ವರ್ಷ ಚಿಕ್ಕವಳಾಗಿದ್ದಳು. ಸುಮಿತ್ರಾ ನನ್ನ ಪಕ್ಕ ಬಂದು ಕೂತು, ದನಿ ತಗ್ಗಿಸಿ, "ಡಾಕ್ಟ್ರು ಏನಂದ್ರು?" ಎಂದಳು. ಅವಳ ದನಿಯಲ್ಲಿ ನಿಜವಾದ ಅಂಜಿಕೆಯಿತ್ತು. ಅದನ್ನು ಕೇಳಿ ನನಗೆ ಎರಡು ದಿನಗಳ ಸುಖ ಒಮ್ಮೆಲೇ ಸಿಕ್ಕಂತಾಯಿತು. ಡಾಕ್ಟರು ಹೇಳಿದ್ದನ್ನು ಹೇಳಿದೆ.

ಅವಳು ಅಂಜಿಕೆ ಕಳೆದು ನಕ್ಕಳು. "ಹಂಗಾದ್ರ ಹೋಗಿ ಬರ್ರಿ ಮತ್ತ" ಎಂದಳು. "ಅಕ್ಕಾರನ್ನ ಒಬ್ಬರ್ನ ಬಿಟ್ಟು ನಾ ಹೆಂಗ ಬರ್ಲಿ?"

ಅಕ್ಕ ಮಾವನ ಕಡೆ ತಿರುಗಿ, ಕುಕ್ಕರಿನ ಸೀಟಿ ಎಲ್ಲಿಟ್ಟಿದ್ದಾಳೆ, ಬೇಳೆಗೆ ಎಷ್ಟು ನೀರು ಎಂಬುದನ್ನು ವಿವರಿಸಿದಳು. ಆಮೇಲೆ ಇಬ್ಬರೂ ಲಿಫ್ಟಿನೊಳಗೆ ಹೋಗಿ, ಬಾಗಿಲು ಮುಚ್ಚುವ ತನಕ ನಮ್ಮ ಕಡೆ ಕೈ ಬೀಸಿದರು. ಮಾವ ಮತ್ತು ನಾನು ಹೊರಗೆ ಬಂದು ಸನತ್‌ನಗರದ ಬಸ್ಸು ಹತ್ತಿದೆವು. ಕಂಪ್ಯೂಟರಿನ ಹುಡುಗರಿಂದ ಬಸ್ಸು ತುಂಬಿ ತುಳುಕುತ್ತಿತ್ತು. ಮಾವ ಅವರ ನಡುವೆ ದಾರಿ ಮಾಡಿಕೊಂಡು ಹೋಗಿ, ಕಿಟಕಿಯ ಹತ್ತಿರ ಕೂತಿದ್ದವನ ಭುಜ ತಟ್ಟಿ, "ಥೋಡಾ ಉಠೋ ಬಾಬು, ಪೇಶಂಟ್ ಹೈ" ಎಂದರು. ಹುಡುಗ ಒಮ್ಮೆ ನನ್ನ ಮುಖ ನೋಡಿದ. ಮರುಮಾತಿಲ್ಲದೆ ಎದ್ದು ಜಾಗ ಕೊಟ್ಟ.