ಕಾಕಾನ ಬ್ಯಾಟರಿ ಗಾಡಿ

ಪರದೇಶದ ದೊಡ್ಡ ದೊಡ್ಡ ಮೋಟಾರು ಕಂಪನಿಗಳು ಈಗ ಒಂದೇ ಪ್ರಶ್ನೆ ಹಿಡಿದುಕೊಂಡು ತಲೆ ಕೆರೆದುಕೊಳ್ಳುತ್ತಿವೆಯಂತೆ. ಕಾರನ್ನು ಪೂರ್ತಿ ಬ್ಯಾಟರಿಯ ಮೇಲೆ ಓಡಿಸುವುದೋ, ಇಲ್ಲಾ ಬ್ಯಾಟರಿಯ ಜೊತೆಗೆ ಪೆಟ್ರೋಲ್ ಇಂಜಿನ್ನನ್ನೂ ಇಡುವುದೋ? ಪೇಪರಿನಲ್ಲಿ ಇದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ಈ ಗೊಂದಲದ ಮೂಲಪುರುಷರು ಕಲಬುರಗಿಯ ಸ್ಟೇಶನ್ ಬಜಾರದಲ್ಲಿದ್ದಾರೆ ಸ್ವಾಮಿ! ನಮ್ಮ ಕಾಕಾ! ಕಂಪನಿಗಳಿಗಿಂತ ಎಷ್ಟೋ ವರ್ಷ ಮೊದಲೇ ಅವರು ಕೆರೆದೂ ಕೆರೆದೂ ತಲೆಯ ಮುಂಭಾಗ ಬೋಳು ಮಾಡಿಕೊಂಡಿದ್ದರು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಆಟೋರಿಕ್ಷಾಗಳಿಗೆ ತಗಡಿನ ಬಾಡಿ ಕಟ್ಟುವ ಶೆಡ್ಡು ಅವರದು. ಅದನ್ನು ಶೆಡ್ಡು ಎಂದರೆ ಅವರಿಗೆ ಸಿಟ್ಟು, ಕಾರ್ಖಾನೆ ಎನ್ನಬೇಕು. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ಸಾಕು, ಅವರಿಗೆ ಜ್ವರ ಬರುತ್ತಿತ್ತು. "ಎರಡೂ ಇರಲಿ" ಎನ್ನುವುದೊಂದೇ ಉತ್ತರ. ಕಾರ್ಖಾನೆಗೆ ಎರಡು ಹೆಸರು ಹೊಳೆದಾಗ ಎರಡನ್ನೂ ಬೋರ್ಡಿನ ಮೇಲೆ ಬರೆಸಿ, ನಡುವೆ ದೊಡ್ಡದಾಗಿ 'ಅಥವಾ' ಎಂದು ಹಾಕಿಸಿದ್ದರು! ಹೋಟೆಲ್ಲಿನಲ್ಲಿ ಚಹಾ, ಕಾಫಿ ಎರಡನ್ನೂ ತರಿಸಿ, ಯಾವುದನ್ನು ಮೊದಲು ಕುಡಿಯಬೇಕೆಂದು ಯೋಚಿಸುವಷ್ಟರಲ್ಲಿ ಎರಡೂ ಆರಿರುತ್ತಿದ್ದವು. ಹಾಗಾದರೆ ಮದುವೆ ಹೇಗಾಯಿತು ಎನ್ನುತ್ತೀರಾ? ನಮ್ಮ ಅಜ್ಜಿ ಜಾಣೆ. ತೋರಿಸಿದ್ದೇ ಒಂದು ಹುಡುಗಿಯನ್ನು!

ಹಾಗೆ ಬಂದವರು ನಮ್ಮ ಕಾಕು. ತವರು ಕಮಲಾಪುರ. ಕಾಕುಗೆ ನಡುವಯಸ್ಸಿನಲ್ಲಿ ದಮ್ಮು ಶುರುವಾಯಿತು. ಎದುರಿಗೆ ಬಂದು ಹೋಗುವ ಲಾರಿಯ ಹೊಗೆಯನ್ನು ಸೆರಗು ಅಡ್ಡ ಹಿಡಿದು ತಡೆದುಕೊಳ್ಳಬಹುದು. ಕುಳಿತ ಗಾಡಿಯೇ ದಾರಿಯುದ್ದಕ್ಕೂ ಹೊಗೆ ಬಿಟ್ಟರೆ? ಬಸ್ಸು, ಜೀಪು, ಟೆಂಪೊ ಎಲ್ಲ ಬಂದಾದವು. ಪ್ರತಿ ವರ್ಷ ನಾಗರಪಂಚಮಿಗೆ ತವರಿಗೆ ಕರೆಯಲು ಅವರ ಅಣ್ಣ ಬರುತ್ತಿದ್ದ, ಒಂದು ಗೊನೆ ಕೆಂಪು ಬಾಳೆಹಣ್ಣು ಇಟ್ಟು, ತಂಗಿ ಕೊಟ್ಟ ಉಂಡಿ ತಿಂದು ಒಬ್ಬನೇ ಹಿಂತಿರುಗುತ್ತಿದ್ದ. ಅಂದು ಕಾಕು ಅಡುಗೆಮನೆಯಿಂದ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ಕಾಕಾ ಅಂಗಳದಲ್ಲಿ ಸುಮ್ಮನೆ ಶತಪಥ ತಿರುಗುತ್ತಿದ್ದರು.

ಒಂದು ಪಂಚಮಿಯ ಮರುದಿನ ಅವರು ಘೋಷಿಸಿಯೇ ಬಿಟ್ಟರು.

"ಹೊಗಿ ಇಲ್ಲದ ಗಾಡಿ ಕಟ್ಟತೀನಿ. ಮುಂದಿನ ಪಂಚಮಿಗೆ ಅಕಿನ್ನ ಕಮಲಾಪುರಕ್ಕ ನಾನs ಒಯ್ತೀನಿ!"

ಹಳೆಯ ಆಟೋ ಒಂದರ ಇಂಜಿನ್ ಕಿತ್ತು, ಲಾರಿಯ ಬ್ಯಾಟರಿಗಳನ್ನೂ ಎಲ್ಲಿಯದೋ ಒಂದು ಮೋಟಾರನ್ನೂ ಕೂಡಿಸಿದರು. ಓಡಿತೇ? ಓಡಿತು! ಆದರೆ ಸದ್ದೇ ಇಲ್ಲ! ಶರಣಬಸವೇಶ್ವರ ಗುಡಿಯ ಮುಂದೆ ಕಾಯಿ ಕೊಳ್ಳುತ್ತಿದ್ದ ಅಜ್ಜಿಯೊಬ್ಬಳ ಬೆನ್ನ ಹಿಂದೆ ಅದು ಬಂದು ನಿಂತಾಗ, ಆಕೆ ಬೆಚ್ಚಿ ಕಾಯಿಯನ್ನು ದೇವರ ಬದಲು ಗಾಡಿಗೇ ಒಡೆದಳು. ಕಾಕಾ ಅದನ್ನು ಶುಭಶಕುನ ಎಂದುಕೊಂಡರು.

ನಿಜವಾದ ಫಜೀತಿ ಆಮೇಲೆ. ಕಮಲಾಪುರದ ಅರ್ಧ ದಾರಿ ದಾಟುತ್ತಿದ್ದಂತೆ ಬ್ಯಾಟರಿ ಕೈ ಎತ್ತುತ್ತಿತ್ತು. ತುಂಬಿಸಲು ಕರೆಂಟು ಬೇಕು. ನಮ್ಮೂರಿನ ಕರೆಂಟೋ, ಕಾಕಾನ ಮನಸ್ಸಿನಂತೆಯೇ, ಬಂದರೂ ಬಂತು, ಹೋದರೂ ಹೋಯಿತು! ಇಂಜಿನ್ನನ್ನೂ ಇಟ್ಟರೆ ಊರು ಮುಟ್ಟಬಹುದು, ಆದರೆ ಹೊಗೆ. ಇಡದಿದ್ದರೆ ಹೊಗೆಯಿಲ್ಲ, ಆದರೆ ಊರೂ ಇಲ್ಲ.

ಬೆಳಿಗ್ಗೆ ಇಂಜಿನ್ ಕೂಡಿಸುವುದು, ಸಂಜೆ ಕೀಳುವುದು. ಪಕ್ಕದ ಪಂಕ್ಚರ್ ಅಂಗಡಿಯ ಚಾಚಾ ಬೇಸತ್ತು ಕೇಳಿದರು, "ಏನ್ ಭಾಯಿ, ನಿಮ್ ಗಾಡಿ ಪೆಟ್ರೋಲಿಂದೋ ಬ್ಯಾಟ್ರಿದೋ?"

"ಅದs ನನಗೂ ತಿಳೀವಲ್ದು ಚಾಚಾ!"

ಕೊನೆಗೆ ನನ್ನನ್ನು ಮನೆಗೆ ಕರೆಸಿದರು. ನಾನು ಕನ್ನಡ ಮಾಸ್ತರ. ಬ್ಯಾಟರಿ ಎಂದರೆ ಟಾರ್ಚಿನದಷ್ಟೇ ಗೊತ್ತು, ಅದನ್ನೂ ತಿರುಗಾಮುರುಗಾ ಹಾಕುವವನು! ಆದರೂ ಕಲಿತವನಲ್ಲವೇ, ಗಂಭೀರವಾಗಿ ಹೇಳಿದೆ: "ಕಾಕಾ, ಎರಡೂ ಇರೋ ಗಾಡಿಗೆ ಹೊರದೇಶದಾಗ ಹೈಬ್ರಿಡ್ ಅಂತಾರಂತ."

ಒಳಗಿನಿಂದ ಕಾಕು ಕೂಗಿದರು, "ಹೈಬ್ರಿಡ್ಡ? ಬ್ಯಾಡ್ರೆಪಾ! ಹೈಬ್ರಿಡ್ ಜೋಳದ ರೊಟ್ಟಿನs ನಮಗ ಸೇರಂಗಿಲ್ಲ, ಇನ್ನ ಗಾಡಿ ಬ್ಯಾರೆ ತರತೀರೇನು?"

ಕಾಕಾ ಇನ್ನಷ್ಟು ಗೊಂದಲಕ್ಕೆ ಬಿದ್ದರು. ಅವರನ್ನು ನೋಡಿ ನಾನೂ ಬಿದ್ದೆ. ನಾನು ಮನೆಗೆ ಬಂದಾಗ ಹೆಂಡತಿ ಅನ್ನ ಬೇಕೋ ರೊಟ್ಟಿ ಬೇಕೋ ಎಂದರೆ ಉತ್ತರ ಹೊಳೆಯಲಿಲ್ಲ!

ಪಂಚಮಿ ಬಂದೇ ಬಿಟ್ಟಿತು. ಕಾಕು ಹೊಸ ಇಳಕಲ್ ಸೀರೆ ಉಟ್ಟು, ಜೋಳದ ಅಳ್ಳು, ಉಂಡಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಬ್ಯಾಟರಿಯ ಜೊತೆಗೆ ಇಂಜಿನ್ನೂ ಇತ್ತು. ಬಿಟ್ಟು ಬರುವ ಧೈರ್ಯ ಕಾಕಾಗೆ ಆಗಿರಲಿಲ್ಲ. ನಾನು ಹಿಂದೆ ನೇತಾಡುವ ತಜ್ಞ ಸಲಹೆಗಾರ. ಊರು ದಾಟಿ ಹೊಲಗಳ ನಡುವೆ ಗಾಡಿ ಸದ್ದಿಲ್ಲದೆ ಸಾಗಿತು. ಹೊಲದ ಹೆಸರುಕಾಳಿನ ಬೆಳೆಯನ್ನು ಕಾಕು ಎಷ್ಟೋ ವರ್ಷಗಳ ಮೇಲೆ ನೋಡುವವರಂತೆ ನೋಡುತ್ತಿದ್ದರು. ನಿಜವಾಗಿಯೂ ಎಷ್ಟೋ ವರ್ಷಗಳಾಗಿದ್ದವು.

ಅರ್ಧ ದಾರಿ ದಾಟಿ, ಒಂದು ಚಹಾದಂಗಡಿಯ ಮುಂದೆ ಬ್ಯಾಟರಿ ಎಂದಿನಂತೆ ಕೈ ಎತ್ತಿತು.

ಕಾಕಾ ಇಂಜಿನ್ ನೋಡಿದರು, ಹೆಂಡತಿಯನ್ನು ನೋಡಿದರು.

"ಚಾಲೂ ಮಾಡ್ರಿ," ಎಂದರು ಕಾಕು. "ಸೆರಗ ಮುಚ್ಚಿಕೊಂಡು ಕೂಡ್ತೀನಿ. ದಾರಿ ಏನ್ ಭಾಳ ಉಳದಿಲ್ಲ."

ಇಂಜಿನ್ ಕೆಮ್ಮಿ ಎದ್ದಿತು. ಅದರ ಬೆನ್ನಿಗೇ ಕಾಕು ಕೆಮ್ಮಿದರು. ಸೆರಗಿನೊಳಗೇ, ನಮಗೆ ಕೇಳಿಸಬಾರದೆಂದು, ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೆಮ್ಮಿದರು.

ಕಾಕಾ ತಟ್ಟನೆ ಬಂದ್ ಮಾಡಿದರು. ಪಾನಾ ತೆಗೆದು ಬೋಲ್ಟು ಬಿಚ್ಚತೊಡಗಿದರು. ವರ್ಷವೆಲ್ಲ ಕೂಡಿಸಿ ಕಿತ್ತು ಕೈ ಪಳಗಿತ್ತು, ನಾನು ನೋಡನೋಡುತ್ತಿದ್ದಂತೆ ಇಂಜಿನ್ ನೆಲದ ಮೇಲಿತ್ತು! ಚಹಾದಂಗಡಿಯವನಿಗೆ ಹೇಳಿದರು, "ಇದು ನಿನ್ನ ಕಡೆ ಇರಲಿ ತಮ್ಮಾ. ನನಗ ಬ್ಯಾಡ."

ನಾನು ಬೆರಗಾದೆ. ಜೀವಮಾನದಲ್ಲಿ ಅವರ ಬಾಯಿಂದ 'ಬ್ಯಾಡ' ಎಂಬ ಮಾತು ಕೇಳಿದ್ದು ಅದೇ ಮೊದಲು. "ಕಾಕಾ, ಬ್ಯಾಟರಿನೂ ಸತ್ತಾವಲ್ರಿ, ಅವನ್ನೂ ಇಳಸೂಣೇನು?" ಎಂದೆ.

"ತಡಿ, ಅದನ್ನ ವಿಚಾರ ಮಾಡೂಣು," ಎಂದು ತಲೆ ಕೆರೆದುಕೊಂಡರು. ವಿಚಾರ ಮುಗಿಯಲಿಲ್ಲ, ಬ್ಯಾಟರಿ ಉಳಿದವು.

ಕಾಕುಗೆ ಹ್ಯಾಂಡಲ್ ಹಿಡಿಸಿ ನಾವಿಬ್ಬರೂ ದೂಡಿದೆವು. ಹಬ್ಬಕ್ಕೆ ಹೊರಟ ಬಸ್ಸಿನ ಜನ ಕಿಟಕಿಯಿಂದ ಬಗ್ಗಿ ನಕ್ಕರು. ಇಳಿಜಾರಿನಲ್ಲಿ ಕಾಕು ರಾಣಿಯಂತೆ ಸಾಗಿದರು, ಏರಿನಲ್ಲಿ ನಮಗೆ ನಕ್ಷತ್ರ ಕಂಡವು. ಬಿಸಿಲು ಇಳಿಯುವ ಹೊತ್ತಿಗೆ ಕಮಲಾಪುರದ ಬಾಳೆಯ ತೋಟಗಳು ಕಂಡವು. ಈ ಸಲ ನಾವೇ ಬರುವ ಸುದ್ದಿ ಕೇಳಿ, ಕಾದೂ ಕಾದೂ ದಾರಿಗೇ ಬಂದು ನಿಂತಿದ್ದ ಅಣ್ಣ, ತಂಗಿ ಆಟೋ ಹೊಡೆಯುವುದನ್ನು ಕಂಡು ಒಂದು ಗಳಿಗೆ ದಂಗಾದ. ಆಮೇಲೆ ಓಡಿ ಬಂದು ತಾನೂ ಕೈ ಹಚ್ಚಿದ.

ಕಾಕು ಹಿಂತಿರುಗಿ ನೋಡಿದರು. ಕಾಕಾನ ಅಂಗಿ ಬೆವರಿನಲ್ಲಿ ತೊಯ್ದು, ಎದೆ ತಿದಿಯಂತೆ ಏರಿಳಿಯುತ್ತಿತ್ತು.

"ಅಲ್ರೀ, ನಿಮಗs ದಮ್ಮ ಹತ್ಯಾದಲ್ರಿ! ಅಣ್ಣ ಬಂದಾನ, ನೀವು ಬಿಟ್ಟು ಕೂಡ್ರಿ ಇನ್ನ. ನನಗ ತವರಿಗಿಂತ ನಿಮ್ಮ ಜೀವ ಹೆಚ್ಚಿಂದು."

ಕಾಕಾಗೆ ಮಾತಾಡುವಷ್ಟು ಉಸಿರಿರಲಿಲ್ಲ. ಆದರೂ ಗಾಡಿಯಿಂದ ಕೈ ತೆಗೆಯದೆ, ನೆಲ ನೋಡುತ್ತ, ಒಂದೊಂದೇ ಮಾತು ತಡೆದು ತಡೆದು ಹೇಳಿದರು.

"ಎರಡೂ... ಇರಲಿ."

ಕಾಕು ತಟ್ಟನೆ ಮುಖ ಮುಂದಕ್ಕೆ ತಿರುಗಿಸಿಕೊಂಡರು. ನನಗೆ ಅಳು ಬಂತು. ತಲೆ ತಗ್ಗಿಸಿ ಜೋರಾಗಿ ದೂಡಿದೆ.