ಸಲ್ಮಾ ಟೀಚರಿಗೊಂದು ಬದಲಿ ಹೆಸರು

ಕಳೆದ ಚಳಿಗಾಲದ ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿದು ಕಾರುಗಳೆಲ್ಲ ಮರಳಿ ಬಂದು ನಿಂತ ಹೊತ್ತಿನಲ್ಲಿ, ಗಲ್ಫಿನ ಅಲ್ ಹೈಲಿನಲ್ಲಿರುವ ನಮ್ಮ ಫ್ಲಾಟಿನ ಅಡುಗೆಮನೆ ಬಾಗಿಲಲ್ಲಿ ನಾನು ಚಹಾದ ಟ್ರೇ ಹಿಡಿದು ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮ ಮನೆಯ ಯಾವ ಘಟನೆಯ ಬಗ್ಗೆಯೂ ನಾನು ಕೊಡುವ ವರದಿಯನ್ನು ನನ್ನ ಹೆಂಡತಿ ವನಜ ಒಪ್ಪಿದ್ದಿಲ್ಲ. ನಿಂತ ಜಾಗವನ್ನಾದರೂ ಒಪ್ಪುತ್ತಾಳೆ.

ನನ್ನ ಅಕ್ಕನ ಮಗಳು ಶ್ರುತಿ ಗಲ್ಫಿನಲ್ಲಿ ನೆಲೆಸಿದ ಪ್ಯಾಲೆಸ್ತೀನಿ ಕುಟುಂಬಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನಮ್ಮ ಎದುರು ಫ್ಲಾಟಿನ ಸಲ್ಮಾ ಟೀಚರ್ ಪ್ಯಾಲೆಸ್ತೀನಿನವರು. ಇಲ್ಲಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. "ನಮ್ಮ ಟೀಚರ್ ಅಲ್ವಾ, ಮಾತಾಡ್ತಾರೆ, ನೀನು ಬಾ" ಎಂದು ಊರಿನಿಂದ ಅವಳನ್ನು ಕರೆಸಿದ್ದು ನಾನು. ಈ ಸಂದರ್ಶನವಿಲ್ಲದೆ ಅವಳ ಒಂದು ಅಧ್ಯಾಯವೇ ಇಲ್ಲ.

ಟೀಚರ್ ಬರುವಾಗ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ್ದನ್ನು ತಂದಿದ್ದರು. ವನಜ ಕೆಸುವಿನೆಲೆಯ ಪತ್ರೊಡೆ ಮಾಡಿದ್ದಳು. ಅಕ್ಕಿಯನ್ನು ಅರೆಯದೆ ಎಲೆಗೆ ಹಾಕುವವರೆಂದರೆ ವನಜನಿಗೆ ಕನಿಕರ. ಅರೆದು ಹಾಕುವವರೆಂದರೆ ಟೀಚರಿಗೆ. ಇಬ್ಬರೂ ಇನ್ನೊಬ್ಬರದ್ದನ್ನೇ ಹೆಚ್ಚು ತಿನ್ನುತ್ತಾರೆ.

ಶ್ರುತಿ ಮೊದಲು ಒಪ್ಪಿಗೆ ಪತ್ರಗಳನ್ನು ಹಂಚಿದಳು. "ಮಾವ, ನೀವೂ ಇಲ್ಲೇ ಇರ್ತೀರಲ್ಲ, ಒಂದು ಸಹಿ." ಕಂಪನಿಯ ಸುರಕ್ಷತಾ ಕಾಗದಗಳಿಗೆ ಓದದೆ ಸಹಿ ಹಾಕಿ ಪಳಗಿದ ಕೈ ನನ್ನದು. ಹಾಕಿದೆ. ಟೀಚರ್ ಮಾತ್ರ ಕನ್ನಡಕ ಏರಿಸಿ, ಮಕ್ಕಳ ಉತ್ತರಪತ್ರಿಕೆ ಓದುವಂತೆ ಓದಿದರು. ಅವರು ಆಡಿದ್ದು ಇಂಗ್ಲಿಷಿನಲ್ಲಿ. ನಾನು ಬರೆಯುವುದು ನನಗೆ ಕೇಳಿಸಿದ ಕನ್ನಡದಲ್ಲಿ.

"ಇಲ್ಲಿ ಲೈಲಾ ಅಂತ ಇದೆಯಲ್ಲ, ಯಾರದು?"

"ನೀವೇ ಟೀಚರ್. ನಿಜವಾದ ಹೆಸರು ಹಾಕುವ ಹಾಗಿಲ್ಲ. ನಿಮಗೆ ತೊಂದರೆ ಆಗಬಾರದು ಅಂತ ಬದಲಿ ಹೆಸರು."

"ಲೈಲಾ ನನ್ನ ನಾದಿನಿ! ಮದುವೆಯ ದಿನ ನನ್ನ ಬಳೆ ಹಾಕಿಕೊಂಡು ಹೋದವಳು ಇನ್ನೂ ವಾಪಸು ಕೊಟ್ಟಿಲ್ಲ. ಈಗ ನನ್ನ ಕಥೆಯನ್ನೂ ಅವಳಿಗೇ ಕೊಡಬೇಕಾ?"

ನಾವು ನಕ್ಕೆವು. ಟೀಚರ್ ನಗಲಿಲ್ಲ. ಕಾಗದವನ್ನು ಮೇಜಿನ ಮೇಲಿಟ್ಟು ಶಾಲು ಹೊದ್ದು ಎದ್ದರು.

"ಮಗಳೇ, ನಾನು ಹುಟ್ಟಿದ್ದು ನಿರಾಶ್ರಿತರ ಶಿಬಿರದಲ್ಲಿ. ನನ್ನಪ್ಪನ ಹಳ್ಳಿಯನ್ನು ನೋಡಿಲ್ಲ. ಅದರ ಹೆಸರು ಇವತ್ತಿನ ನಕ್ಷೆಯಲ್ಲಿಲ್ಲ. ನನ್ನ ಹೆಸರನ್ನೂ ತೆಗೆದರೆ, ಅಲ್ಲಿಂದ ಬಂದವರು ಯಾರು?"

ಟ್ರೇ ಕೆಳಗಿಡಬೇಕೆಂದು ನನಗೆ ತೋಚಲಿಲ್ಲ. ಶ್ರುತಿಯ ಮುಖ ಬಿಳಿಚಿತ್ತು. "ನಿಯಮ ಇರೋದು ಅವರನ್ನ ಕಾಪಾಡ್ಲಿಕ್ಕೆ ಮಾವ" ಎಂದಳು, ನಿಯಮ ಮಾಡಿದವನು ನಾನೇ ಎಂಬಂತೆ.

ವನಜ ಪತ್ರೊಡೆಯ ತಟ್ಟೆ ಹಿಡಿದು ಬಾಗಿಲಿಗೆ ಅಡ್ಡ ನಿಂತು ಶ್ರುತಿಯನ್ನು ಗದರಿದಳು. "ಎಂತ ಮಾರಾಯ್ತಿ ನೀನು? ನಮ್ಮಲ್ಲಿ ಹೆಣ್ಣು ನೋಡ್ಲಿಕ್ಕೆ ಬಂದವರು ಮೊದಲು ಕೇಳುದೇ ಯಾವ ಮನೆ ಅಂತ. ಮನೆ ಹೆಸರು ಹೇಳ್ಬೇಡಿ ಅಂದ್ರೆ ಎದ್ದು ಹೋಗುದಿಲ್ವಾ?"

ಶ್ರುತಿ ಬಾಲ್ಕನಿಗೆ ಹೋಗಿ ತನ್ನ ಗೈಡ್‌ಗೆ ಫೋನ್ ಮಾಡಿದಳು. ಅದೆಷ್ಟು ಹೊತ್ತು ಮಾತಾಡಿದಳೋ, ಚಹಾ ತಣ್ಣಗಾಯಿತು. ಮರಳಿ ಬಂದವಳು, ಹೆಸರು ಬಂದರೆ ಏನೇನು ತೊಂದರೆಯಾಗಬಹುದೆಂದು ಟೀಚರಿಗೆ ಒಂದೊಂದಾಗಿ ಹೇಳಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಖಲಾಸ್? ಈಗ ಬರೆ" ಎಂದರು. ಗೈಡ್ ಪ್ರಕಾರ, ಟೀಚರೇ ಇಚ್ಛೆಪಟ್ಟು ಬರೆದುಕೊಟ್ಟರೆ ನಿಜವಾದ ಹೆಸರನ್ನೇ ಇಡಬಹುದಂತೆ. ಶ್ರುತಿ ಲೈಲಾಳನ್ನು ಹೊಡೆದುಹಾಕಿದಳು. ಟೀಚರ್ ಶಾಲು ತೆಗೆದು ಕುಳಿತು ಬರೆಸಿದರು: ಸಲ್ಮಾ, ಯೂಸುಫನ ಮಗಳು, ಇಬ್ರಾಹಿಮನ ಮೊಮ್ಮಗಳು, ಕಿತ್ತಳೆ ತೋಟದ ಬಾವಿಯ ಬಳಿಯ ಮನೆಯವಳು. ಆಮೇಲೆ ಕತ್ತಲಾಗುವವರೆಗೂ ಮಾತಾಡಿದರು. ಕಾಣದ ಮನೆಗೆ ಎಷ್ಟು ಮೆಟ್ಟಿಲು, ಯಾವ ಮೆಟ್ಟಿಲು ಮುರಿದಿತ್ತು, ಎಲ್ಲವೂ ಅವರಿಗೆ ಗೊತ್ತಿತ್ತು.

ಮೊನ್ನೆ ಆ ಅಧ್ಯಾಯದ ಕರಡು ಬಂತು. ಟೀಚರ ಹೆಸರು ಅಜ್ಜನ ಸಮೇತ ಇದೆ. ಕೃತಜ್ಞತೆಯಲ್ಲಿ ವನಜ ತವರುಮನೆಯ ಹೆಸರಿನೊಂದಿಗೆ ರಾರಾಜಿಸುತ್ತಿದ್ದಾಳೆ. ಅವಳೂ ಅಂದೇ ಹೆಸರು ಬರೆಸಿದ್ದಳಂತೆ. ನಾನೂ ಇದ್ದೇನೆ, ಒಂದು ಅಡಿಟಿಪ್ಪಣಿಯಲ್ಲಿ: "ಚಹಾ ತಂದ ನೆರೆಯ ಪುರುಷ." ಶ್ರುತಿಗೆ ಫೋನ್ ಮಾಡಿದೆ. "ನೀವೇ ಸಹಿ ಹಾಕಿದ್ದಲ್ವಾ ಮಾವ, ಹೆಸರು ಬೇಡ ಅಂತ?" ಎಂದಳು.

ಅಂದು ನಡೆದದ್ದನ್ನು ಕಂಡವರು ಸಲ್ಮಾ ಟೀಚರ್, ವನಜ, ಶ್ರುತಿ. ಮೂವರೂ ಕ್ಷೇಮವಾಗಿದ್ದಾರೆ, ಕೇಳಿ ನೋಡಬಹುದು. ಇನ್ನೊಬ್ಬ ಟ್ರೇ ಹಿಡಿದು ನಿಂತಿದ್ದ. ಅವನೂ ಬದುಕಿದ್ದಾನೆ. ಹೆಸರು ಜಯರಾಮ. ದಯವಿಟ್ಟು ಬರೆದುಕೊಳ್ಳಿ.